ನಂದಿಬಟ್ಟಲಿನ ಮಿಲಿಟರಿ ಪತಂಗ

ಬೆಳಿಗ್ಗೆ ದೇವರಿಗೆ ಹೂ ಕೀಳಲು ಹೋದ ಅಮ್ಮ ಬರಿಗೈಯಲ್ಲಿ ವಾಪಸ್ ಬಂದರು. "ನಂದಿಬಟ್ಟಲನ್ನ ಯಾವುದೋ ಮೇಕೆ ಮೇಯ್ದಿದೆ, ನೋಡು" ಅಂದರು. ಉತ್ತರಹಳ್ಳಿಯ ನಮ್ಮ ಕಾಂಪೌಂಡಿನೊಳಗೆ ಮೇಕೆ ಎಲ್ಲಿಂದ ಬರಬೇಕು? ಹೋಗಿ ನೋಡಿದರೆ ಮೂರು ಕೊಂಬೆಯಲ್ಲಿ ಬರೀ ಕಡ್ಡಿ. ಕೆಳಗೆ ಸಿಮೆಂಟಿನ ಮೇಲೆ ಕಪ್ಪು ಹಿಕ್ಕೆ, ಮೆಣಸಿನ ಕಾಳಿಗಿಂತ ದಪ್ಪ.

ಹಿಕ್ಕೆ ಬಿದ್ದ ಜಾಗದ ನೇರ ಮೇಲಕ್ಕೆ ಹುಡುಕಿದರೂ ಹುಳ ಸಿಗಲು ಹತ್ತು ನಿಮಿಷ ಬೇಕಾಯಿತು. ಬೆರಳುದ್ದ ಇದೆ, ಎಲೆಯದೇ ಹಸಿರು, ಕಡ್ಡಿಗೆ ತಲೆಕೆಳಗಾಗಿ ಅಂಟಿಕೊಂಡಿದೆ. ಸುಮ್ನೆ ಮುಟ್ಟಿದೆ. ತಲೆಯನ್ನು ಒಳಕ್ಕೆ ಎಳೆದುಕೊಂಡಿತು. ಕತ್ತು ಉಬ್ಬಿತು. ಎರಡು ನೀಲಿ ಕಣ್ಣು ನನ್ನನ್ನೇ ನೋಡಿದವು. ಅವು ಕಣ್ಣಲ್ಲ, ಕಪ್ಪು ಅಂಚಿನ ಮಚ್ಚೆಗಳು. ಗೊತ್ತಿದ್ದೂ ಕೈ ಹಿಂದಕ್ಕೆ ಬಂತು.

ಇದು ಓಲಿಯಾಂಡರ್ ಹಾಕ್ ಮಾತ್. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಪತಂಗ, ವೈಜ್ಞಾನಿಕ ಹೆಸರು ಡಾಫ್ನಿಸ್ ನೇರಿಯೈ. ನೇರಿಯಮ್ ಅಂದರೆ ನಮ್ಮ ಕಣಗಿಲೆ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಕಾಡಿನ ಕಡೆ ಸರ್ಪಗಂಧ, ಎಲ್ಲ ಒಂದೇ ಕುಟುಂಬದ ಗಿಡಗಳು. ಬೆಂಗಳೂರಿನ ಪಾರ್ಕು, ಅಪಾರ್ಟ್‌ಮೆಂಟುಗಳ ತುಂಬ ಇವೇ ಅಲ್ವಾ? ಹುಳಕ್ಕೆ ಊಟದ ಚಿಂತೆ ಇಲ್ಲ.

ಸಾಕೋಣ ಅನ್ನಿಸಿತು. ಧೈರ್ಯ ಬಂದದ್ದು ಅಜ್ಜಿಯಿಂದ. ಚನ್ನಪಟ್ಟಣದ ಹತ್ತಿರ ಅವರ ಮನೆಯಲ್ಲಿ ರೇಷ್ಮೆ ಇತ್ತು. ರಜೆಯಲ್ಲಿ ತಟ್ಟೆಗೆ ಸೊಪ್ಪು ಹಾಕಿದ ಕೈ ನಂದು. ಹುಳ ಅಂದರೆ ಹುಳ ತಾನೇ ಅಂದುಕೊಂಡೆ. ಪ್ಲಾಸ್ಟಿಕ್ ಡಬ್ಬಿಗೆ ಎಲೆ ಹಾಕಿದೆ, ಗೂಡು ಕಟ್ಟಲಿ ಅಂತ, ರೇಷ್ಮೆ ಹುಳ ಗೂಡು ಕಟ್ಟಲು ಇಡುವ ಚಂದ್ರಿಕೆಯ ಥರ ಕಡ್ಡಿಗಳನ್ನೂ ಹೆಣೆದಿಟ್ಟೆ. ನಾಲ್ಕನೇ ದಿನ ತಿನ್ನುವುದು ನಿಂತಿತು. ಬೆನ್ನು ಕಂದಿ, ಹಸಿರೆಲ್ಲ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತು. ರೋಗ ಬಂತು ಅಂತ ಹೆದರಿದೆ. ಒಂದೂವರೆ ದಿನ ಡಬ್ಬಿಯ ತಳದಲ್ಲಿ ಸುತ್ತಿತು. ನನ್ನ ಕಡ್ಡಿಗಳ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಬರೀ ಪ್ಲಾಸ್ಟಿಕ್ಕಿನ ಮೇಲೆ ಪೊರೆ ಬಿಡಲು ಹೋಗಿ, ಅರ್ಧಕ್ಕೆ ಸಿಕ್ಕಿಕೊಂಡು ಒಣಗಿ ಹೋಯಿತು.

ಫೋನಿನಲ್ಲಿ ಹೇಳಿದಾಗ ಅಜ್ಜಿ ನಕ್ಕರು. "ಹಣ್ಣಾಗಿತ್ತು ಕಣೋ. ಅದಕ್ಕೇನು ಬೇಕಿತ್ತೋ ನೀನು ಕೇಳಲೇ ಇಲ್ಲ."

ಹಣ್ಣಾಗುವುದು ಅಂದರೆ ತಿನ್ನುವುದು ಬಿಟ್ಟು ಕೋಶವಾಗಲು ಸಿದ್ಧವಾಗುವುದು. ಅದಕ್ಕೆ ಬೇಕಿದ್ದದ್ದು ತರಗೆಲೆ. ರೇಷ್ಮೆ ಹುಳದ ಹಾಗೆ ಇದು ಮೇಲೆ ಕೂತು ಗಟ್ಟಿ ಗೂಡು ಕಟ್ಟುವುದಿಲ್ಲ. ನೆಲಕ್ಕಿಳಿದು, ಒಣಗಿದ ಎಲೆಗಳ ಮಧ್ಯೆ ನಾಲ್ಕು ಎಳೆ ಹಳದಿ ನೂಲು ಸುತ್ತಿ ಒಳಗೆ ಕೋಶವಾಗುತ್ತದೆ. ನಾವೋ ಬುಡವನ್ನು ದಿನಾ ಗುಡಿಸಿ ನೀರು ಹಾಕುವವರು.

ಮುಂದಿನ ಮಳೆಗಾಲ ಮೊಟ್ಟೆಯಿಂದಲೇ ಶುರು ಮಾಡಿದೆ. ಚಿಗುರೆಲೆಯ ಮೇಲೆ ಒಂದೊಂದೇ ಇಟ್ಟಿರುತ್ತದೆ. ತಿಳಿ ಹಸಿರು, ಸಾಸಿವೆಯಷ್ಟು. ಹೊರಬಂದ ಮರಿ ಹಳದಿ ದಾರದ ಚೂರಿನಂತೆ. ಬಾಲದಲ್ಲಿ ಕೂದಲಿನಂಥ ಕಪ್ಪು ಕೊಂಬು, ಮೈಗೆ ಹೋಲಿಸಿದರೆ ತೀರಾ ಜಾಸ್ತಿ ಉದ್ದ. ಬೆಳೆಯುತ್ತ ಅದು ಮೋಟಾಗಿ, ಹಳದಿಯಾಗಿ ಕೆಳಕ್ಕೆ ಬಾಗುತ್ತದೆ. ರೇಷ್ಮೆಯ ಹಾಗೇ ನಾಲ್ಕು ಜ್ವರ, ಅಂದರೆ ತಿನ್ನದೆ ಕೂತು ಪೊರೆ ಬಿಡುವ ಹೊತ್ತು. ಜ್ವರಕ್ಕೆ ಕೂತಾಗ ಮುಟ್ಟಬಾರದು ಅನ್ನುವ ಅಜ್ಜಿಯ ಪಾಠ ಇಲ್ಲಿ ಸರಿಯಾಗಿ ನಡೆಯಿತು. ಕೊಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿ ಬಾಯಿಗೆ ಹತ್ತಿ ತುರುಕಿದೆ. ಇಲ್ಲದಿದ್ದರೆ ಹುಳ ಕಡ್ಡಿ ಹಿಡಿದು ಇಳಿದು ಮುಳುಗುತ್ತದೆ. ಒಂದು ದಿನ ನಂದಿಬಟ್ಟಲು ಸಿಗದೆ ಕಣಗಿಲೆ ಕೊಟ್ಟೆ, ಮೂಸಿಯೂ ನೋಡಲಿಲ್ಲ. ಕಣಗಿಲೆಯ ಹಾಲು ವಿಷ. ಮುಟ್ಟಿದರೆ ಕೈ ತೊಳೆಯಿರಿ.

ನಾಲ್ಕರಲ್ಲಿ ಒಂದು ಸತ್ತಿತು. ಮೊಟ್ಟೆಯಿಂದ ಸಾಕಿದ್ದಲ್ಲ, ದೊಡ್ಡದಾದ ಮೇಲೆ ಗಿಡದಿಂದ ತಂದ ಹುಳ ಅದು. ಕತ್ತಿನ ಹತ್ತಿರ ಎರಡು ಬಿಳಿ ಚುಕ್ಕಿ ಇದ್ದವು, ನೊಣದ ಮೊಟ್ಟೆ. 1980ರಲ್ಲಿ ಕರ್ನಾಟಕದ ರೇಷ್ಮೆಗೆ ವಕ್ಕರಿಸಿದ, ಮರಿಗಳು ಹುಳವನ್ನು ಒಳಗಿಂದಲೇ ತಿನ್ನುವ ಊಜಿ ನೊಣದ ಬಂಧು ಇರಬೇಕು.

ಉಳಿದ ಮೂರಕ್ಕೆ ಬಕೆಟ್ಟಿನಲ್ಲಿ ಒಂದು ಗೇಣು ತರಗೆಲೆ ಹಾಸಿ ಬಿಟ್ಟೆ. ಹದಿಮೂರನೇ ರಾತ್ರಿ ಒಳಗಿನಿಂದ ಚರಚರ ಸದ್ದು. ಒದ್ದೆ ಪತಂಗವೊಂದು ಬಕೆಟ್ಟಿನ ಗೋಡೆಗಿಟ್ಟಿದ್ದ ಗೋಣಿ ತುಂಡು ಹತ್ತುತ್ತಿತ್ತು. ರೆಕ್ಕೆ ಉಗುರಿನಷ್ಟಿತ್ತು, ಮುದುರಿದ ಕಾಗದದ ಹಾಗೆ. ನೇತುಬಿದ್ದು ಅರ್ಧ ಗಂಟೆಯಲ್ಲಿ ಪೂರ್ತಿ ಇಳಿಯಿತು. ಹಸಿರಿನಲ್ಲಿ ಎಷ್ಟೊಂದು ಹಸಿರು! ನಡುನಡುವೆ ಬಿಳಿ ಗೆರೆ, ಎದೆಯ ಹತ್ತಿರ ತಿಳಿ ಗುಲಾಬಿ ನೆರಳು. "ಮಿಲಿಟರಿಯವರ ಬಟ್ಟೆ ಹಾಕ್ಕೊಂಡಿದೆ" ಅಂದರು ಅಮ್ಮ. ಇದಕ್ಕೆ ಇಂಗ್ಲಿಷಿನಲ್ಲಿ ಆರ್ಮಿ ಗ್ರೀನ್ ಮಾತ್ ಅನ್ನುವ ಹೆಸರೂ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಸಂಜೆ ಅಂಗಳಕ್ಕೆ ತಂದೆ. ಹಾರುವ ಮೊದಲು ರೆಕ್ಕೆ ಗಡಗಡ ನಡುಗಿಸಿತು, ಚಳಿಯಾದವರ ಹಾಗೆ. ಹಾಕ್ ಮಾತ್‌ಗಳು ಹೀಗೇ, ಮೈ ಬಿಸಿಯಾಗದೆ ಮೇಲೇಳುವುದಿಲ್ಲ. ಎರಡು ನಿಮಿಷ ನನ್ನ ಅಂಗೈ ಕಚಗುಳಿಯಾಯಿತು. ಆಮೇಲೆ ಪಕ್ಕದ ಮನೆಯ ಮಲ್ಲಿಗೆ ಚಪ್ಪರದ ಕಡೆ ಹೋಯಿತು.

ಈಗ ಅಮ್ಮ ನಂದಿಬಟ್ಟಲ ಬುಡ ಗುಡಿಸುವಾಗ ಒಂದು ಮೊರದಷ್ಟು ತರಗೆಲೆ ಅಲ್ಲೇ ಬಿಡುತ್ತಾರೆ. ಪೂಜೆಗೆ ಹೂ ಕಡಿಮೆಯಾದ ದಿನ ಮಾತ್ರ ಬೈಗುಳ ನನಗೆ.