ಯಮಾಲ್ ಎಷ್ಟು ಫೇಮಸ್? ಅಳೆಯುವುದು ಹೀಗೆ

ಮೊನ್ನೆ ಅಕ್ಕನ ಮಗ ಫೋನ್ ಹಿಡಿದು ಬಂದ. ಜನ ಗೂಗಲ್‌ನಲ್ಲಿ ಯಾವ ಹೆಸರನ್ನು ಎಷ್ಟು ಹುಡುಕುತ್ತಾರೆ ಅಂತ ಗೆರೆ ಎಳೆದು ತೋರಿಸುವ ಗೂಗಲ್ ಟ್ರೆಂಡ್ಸ್‌ನ ಎರಡು ಸ್ಕ್ರೀನ್‌ಶಾಟ್. ಒಂದರಲ್ಲಿ ಸ್ಪೇನಿನ ಫುಟ್‌ಬಾಲ್ ಹುಡುಗ ಲಮಿನ್ ಯಮಾಲ್, ಇನ್ನೊಂದರಲ್ಲಿ ಅದೇ ತಂಡದ ಪೆಡ್ರಿ. ಎರಡೂ ಗೆರೆ 100 ಮುಟ್ಟಿದ್ದವು. "ಮಾಮ, ಇಬ್ರೂ ಸಮ ಸಮ" ಅಂದ. ಈ ತಪ್ಪನ್ನು ಎಷ್ಟೋ ಜನ ಮಾಡುವುದು ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇನ್‌ಸ್ಟಾಗ್ರಾಂ ಫಾಲೋವರ್ ಸಂಖ್ಯೆಯನ್ನು ತಾರೀಖಿನ ಸಮೇತ ಬರೆದಿಡಿ. ಅಲ್ಲಿಗೆ ಆ ಕೆಲಸ ಮುಗಿಯಿತು. ಅದನ್ನೇ ನೆಚ್ಚಿಕೊಳ್ಳಬೇಡಿ. ಆಟ ಮಂಕಾಯಿತು ಅಂತ ಅನ್‌ಫಾಲೋ ಮಾಡುವವರು ಕಡಿಮೆ.

ಎರಡನೆಯದು ಟ್ರೆಂಡ್ಸ್. ಎಡವುವುದು ಇಲ್ಲೇ. 100 ಅಂದರೆ ನೂರು ಹುಡುಕಾಟ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಹುಡುಕಾಟ ತುತ್ತತುದಿಗೆ ಹೋದ ದಿನಕ್ಕೆ 100 ಕೊಡುತ್ತಾರೆ. ಉಳಿದ ದಿನಗಳ ಅಂಕಿ ಅದಕ್ಕೆ ಹೋಲಿಸಿದ್ದು. ಬೇರೆ ಬೇರೆಯಾಗಿ ಹುಡುಕಿದರೆ ಎಲ್ಲರಿಗೂ ಒಂದೊಂದು 100 ಸಿಗುತ್ತದೆ, ಅಲ್ವಾ? ಹಾಗಾಗಿ ಇಬ್ಬರ ಹೆಸರನ್ನೂ ಒಂದೇ ಪುಟದಲ್ಲಿ ಹಾಕಿ. ಐದು ಹೆಸರಿನವರೆಗೂ ಹಾಕಬಹುದು. ಅಕ್ಕನ ಮಗನ ಕೈಯಲ್ಲಿ ಹಾಗೇ ಮಾಡಿಸಿದೆ. ಪೆಡ್ರಿಯ ಗೆರೆ ಸರ್ರನೆ ಕೆಳಗಿಳಿಯಿತು.

ಬರೀ 'ಯಮಾಲ್' ಅಂತ ಟೈಪ್ ಮಾಡಿ ಎಂಟರ್ ಒತ್ತಬೇಡಿ. ಸೈಬೀರಿಯಾದಲ್ಲಿ ಅದೇ ಹೆಸರಿನ ಪರ್ಯಾಯ ದ್ವೀಪವಿದೆ. ನೈಸರ್ಗಿಕ ಅನಿಲಕ್ಕೆ ಹೆಸರಾದ ಜಾಗ. ಗ್ಯಾಸ್ ಪೈಪ್‌ಲೈನ್ ಸುದ್ದಿ ಹುಡುಕಿದವರೂ ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಟೈಪ್ ಮಾಡುವಾಗ ಕೆಳಗೊಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಫುಟ್‌ಬಾಲ್ ಆಟಗಾರ ಎಂದಿರುವುದನ್ನೇ ಒತ್ತಿ. ಆಗ ಬೇರೆ ಭಾಷೆಯಲ್ಲಿ ಹುಡುಕಿದ್ದೂ ಸೇರುತ್ತದೆ.

ಇನ್ನು 2024ರ ಜುಲೈ ನೋಡಿ. ಕೂಸು ಯಮಾಲ್‌ಗೆ ಮೆಸ್ಸಿ ಸ್ನಾನ ಮಾಡಿಸುತ್ತಿರುವ 2007ರ ಫೋಟೊ ಹರಿದಾಡಿತು. 9ರಂದು ಯುರೋಪಿನ ದೇಶಗಳ ಯೂರೊ ಕಪ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಯಮಾಲ್ ಗೋಲು. 13ಕ್ಕೆ ಹುಡುಗನಿಗೆ 17 ತುಂಬಿತು, 14ಕ್ಕೆ ಸ್ಪೇನ್ ಫೈನಲ್ ಗೆದ್ದಿತು. ಗೆರೆ ಗುಡ್ಡದ ಹಾಗೆ ಏಳದೆ ಇನ್ನೇನು? ಗುಡ್ಡ ಇಳಿದ ಮೇಲೆ, ಪಂದ್ಯವೂ ಸುದ್ದಿಯೂ ಇಲ್ಲದ ವಾರದಲ್ಲಿ ಗೆರೆ ಎಲ್ಲಿ ನಿಂತಿದೆ, ಅದನ್ನು ಬರೆದುಕೊಳ್ಳಿ. ನಾನು ಜನಪ್ರಿಯತೆ ಅನ್ನುವುದು ಅದನ್ನೇ.

ಟ್ರೆಂಡ್ಸ್‌ಗಿಂತ ನನಗೆ ವಿಕಿಪೀಡಿಯದ ಪೇಜ್‌ವ್ಯೂಸ್ ಮೇಲೆ ನಂಬಿಕೆ ಜಾಸ್ತಿ. ಪುಟ ಎಷ್ಟು ಸಲ ತೆರೆಯಿತು ಅಂತ ದಿನದಿನದ ಲೆಕ್ಕ ಕೊಡುತ್ತದೆ, ಅದೂ ಪುಕ್ಕಟೆ. 'ಏಜೆಂಟ್' ಅನ್ನುವ ಕಡೆ 'ಯೂಸರ್' ಇರಲಿ, ಇಲ್ಲದಿದ್ದರೆ ತಾವಾಗಿಯೇ ಪುಟ ತೆರೆಯುವ ಬಾಟ್ ಪ್ರೋಗ್ರಾಂಗಳೂ ಎಣಿಕೆಗೆ ಬರುತ್ತವೆ. ಇಂಗ್ಲಿಷ್ ಪುಟವೊಂದೇ ಸಾಲದು. ಹುಡುಗ ಬೆಳೆದದ್ದು ಬಾರ್ಸಿಲೋನಾ ಹತ್ತಿರದ ಮತಾರೊದಲ್ಲಿ, ಅಪ್ಪನ ಮೂಲ ಮೊರಾಕ್ಕೊ. ಸ್ಪ್ಯಾನಿಷ್, ಬಾರ್ಸಿಲೋನಾ ಕಡೆಯ ಕತಲಾನ್, ಅರಬ್ಬಿ ಪುಟಗಳನ್ನೂ ಕೂಡಿಸಿ.

ದುಡ್ಡು ಕಟ್ಟಿಸಿಕೊಂಡು 'ಪಾಪ್ಯುಲಾರಿಟಿ ಸ್ಕೋರ್' ಕೊಡುವ ಆ್ಯಪ್‌ಗಳು ಸುಮ್ನೆ ದಂಡ. ಆ ಅಂಕಿ ಹೇಗೆ ಬಂತು ಅಂತ ಹೇಳದಿದ್ದರೆ ಮುಟ್ಟಲೇಬೇಡಿ.

ಕೊನೆಗೆ ಪೇಜ್‌ವ್ಯೂಸ್‌ನ 31 ದಿನಗಳ ಸಂಖ್ಯೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ನಟ್ಟನಡುವಿನ ಹದಿನಾರನೆಯದನ್ನು ತೆಗೆದುಕೊಳ್ಳಿ. ಸರಾಸರಿ ಬೇಡ. ಗೋಲು ಹೊಡೆದ ಒಂದೇ ದಿನ ಸರಾಸರಿಯನ್ನು ಎತ್ತಿಬಿಡುತ್ತದೆ. ಪೆಡ್ರಿಗೂ ಅದೇ 31 ದಿನಗಳನ್ನೇ ಹಿಡಿಯಿರಿ.