ಪಾರ್ಕಿನ್ಸನ್ಸ್‌ನಲ್ಲಿ ಕಾಲು ಹಿಡ್ಕೊಂಡ್ರೆ: ಕತ್ತಿನ ನರಕ್ಕೆ ಕರೆಂಟ್ ಕೊಡೋ ಟ್ರೀಟ್‌ಮೆಂಟ್ ಹೇಗೆ?

ಪಾರ್ಕಿನ್ಸನ್ಸ್ (ಕೈ ನಡುಗೋದು, ಓಡಾಟ ನಿಧಾನ ಆಗೋದು ಇರೋ ಮೆದುಳಿನ ಕಾಯಿಲೆ) ಇರೋರು ಬಾಗಿಲು ದಾಟುವಾಗ, ತಿರುಗುವಾಗ ಇದ್ದಕ್ಕಿದ್ದಂಗೆ ನಿಂತ್ಬಿಡ್ತಾರೆ, ಮುಂದೆ ಹೋಗ್ಬೇಕು ಅಂತ ಮನಸ್ಸಿರುತ್ತೆ ಆದ್ರೆ ಪಾದ ನೆಲ ಬಿಡಲ್ಲ. ಡಾಕ್ಟ್ರು ಇದಕ್ಕೆ ಫ್ರೀಜಿಂಗ್ ಅಂತಾರೆ. ಎಷ್ಟೋ ಜನ ಬಿದ್ದು ಪೆಟ್ಟು ಮಾಡ್ಕೊಳ್ಳೋದು ಈ ಹೊತ್ತಲ್ಲೇ, ಮಾತ್ರೆಗೂ ಇದು ಪೂರ್ತಿ ಬಗ್ಗಲ್ಲ.

ಆಪರೇಷನ್ ಇಲ್ದೆ, ಚರ್ಮದ ಮೇಲಿಂದಲೇ ಕತ್ತಿನ ವೇಗಸ್ ನರಕ್ಕೆ (ಮೆದುಳಿಂದ ಕತ್ತಿನ ಮೂಲಕ ಹೃದಯ, ಹೊಟ್ಟೆಗೆ ಹೋಗೋ ನರ) ಸಣ್ಣ ಕರೆಂಟ್ ಕೊಡೋದನ್ನ ಕೋಲ್ಕತ್ತಾದ ಇನ್‌ಸ್ಟಿಟ್ಯೂಟ್ ಆಫ್ ನ್ಯೂರೋಸೈನ್ಸಸ್‌ನವರು ಇಂಗ್ಲೆಂಡಿನ ನ್ಯೂಕ್ಯಾಸಲ್ ಯೂನಿವರ್ಸಿಟಿಯವರ ಜತೆ ಸೇರಿ ಪರೀಕ್ಷೆ ಮಾಡಿದ್ರು, 2021ರಲ್ಲಿ ಪ್ರಕಟ ಆಯ್ತು. ಫ್ರೀಜಿಂಗ್ ಇರೋ 33 ಜನ ಮನೇಲೇ ದಿನಕ್ಕೆ 6 ಸಲ, ಸಲಕ್ಕೆ 2 ನಿಮಿಷ, ಒಂದು ತಿಂಗಳು ಮಾಡ್ಕೊಂಡ್ರು, ಅದೇ ಜನಕ್ಕೆ ಇನ್ನೊಂದು ತಿಂಗಳು ನರಕ್ಕೆ ಕರೆಂಟ್ ಕೊಡದ ನಕಲಿ ಮಷಿನ್ ಕೊಟ್ಟು ಹೋಲಿಸಿ ನೋಡಿದ್ರು. ಅಸಲಿ ಮಷಿನ್ನಲ್ಲಿ ನಡಿಗೆ ವೇಗ, ಹೆಜ್ಜೆ ಉದ್ದ ಎರಡೂ ಸುಧಾರಿಸಿತ್ತು. 33 ಜನ ಅಂದ್ರೆ ಕಮ್ಮೀನೇ, ಆದ್ರೂ ನಮ್ಮ ದೇಶದಲ್ಲೇ ಆಗಿರೋ ಕೆಲಸ, ನನಗಂತೂ ಭರವಸೆ ಇದೆ.

ನೀವು ಮೊದಲು ಮಾಡ್ಬೇಕಾದ್ದು ಕಾಲು ಹಿಡಿಯೋದನ್ನ ಮೊಬೈಲಲ್ಲಿ ವಿಡಿಯೋ ತೆಗೆಯೋದು. ಮಾತ್ರೆ ತಗೊಂಡು ಎಷ್ಟು ಹೊತ್ತಾದ್ಮೇಲೆ ಕಾಲು ಹಿಡೀತು ಅಂತಾನೂ ಬರೆದಿಡಿ, ಯಾಕಂದ್ರೆ ಮುಂದಿನ ಡೋಸ್ ಹೊತ್ತಿಗೆ ಮಾತ್ರ ಹೀಗಾಗ್ತಿದ್ರೆ ಡಾಕ್ಟ್ರು ಲೆವೊಡೋಪಾ (ಪಾರ್ಕಿನ್ಸನ್ಸ್‌ಗೆ ಕೊಡೋ ಮುಖ್ಯ ಮಾತ್ರೆ) ಟೈಮಿಂಗ್ ಬದಲಾಯಿಸಿದ್ರೇ ಸಾಕಷ್ಟು ಕಮ್ಮಿ ಆಗಬಹುದು. ಆಮೇಲೆ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಆಗುತ್ತೆ ನೋಡಿ (ಪಕ್ಕದಲ್ಲಿ ಒಬ್ರು ಇರಲೇಬೇಕು), ಟ್ರೀಟ್‌ಮೆಂಟ್ ಕೆಲಸ ಮಾಡ್ತೋ ಇಲ್ವೋ ಅಂತ ಮುಂದೆ ಹೋಲಿಸೋಕೆ ಇದು ಬೇಕಾಗುತ್ತೆ.

ಇದನ್ನೆಲ್ಲ ನ್ಯೂರಾಲಜಿಸ್ಟ್‌ಗೆ ತೋರಿಸಿ ಕೇಳಿ. ಪೇಸ್‌ಮೇಕರ್ ಅಥವಾ ಮೈಯೊಳಗೆ ಬೇರೆ ಮಷಿನ್ ಇದ್ರೆ, ಕತ್ತಿನ ರಕ್ತನಾಳದಲ್ಲಿ ಬ್ಲಾಕ್ ಇದ್ರೆ, ಬಿಪಿ, ಹೃದಯ ಬಡಿತದ ತೊಂದರೆ ಇದ್ರೆ ಮೊದಲೇ ಹೇಳ್ಬಿಡಿ, ಅಂಥವರಿಗೆ ಇದು ಆಗಿಬರಲ್ಲ.

ಡಾಕ್ಟ್ರು ಸರಿ ಅಂದ್ರೆ ಅವರೇ ಕೂರಿಸಿ ಕಲಿಸ್ತಾರೆ. ಕತ್ತಿನ ಪಕ್ಕ ನಾಡಿ ಬಡಿಯೋ ಜಾಗ ಹುಡುಕಿ, ಮಷಿನ್ನಿನ ಎರಡು ಲೋಹದ ತುದಿಗೆ ಜೆಲ್ ಹಚ್ಚಿ, ಅಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ಪವರ್ ಏರಿಸೋದು. ಆ ಕಡೆ ಕೆಳತುಟಿ ಸ್ವಲ್ಪ ಎಳೆದಂಗಾದ್ರೆ ಗಾಬರಿ ಬೇಡ. ತಲೆಸುತ್ತು ಬಂದ್ರೆ ತಕ್ಷಣ ನಿಲ್ಸಿ.

ದಯವಿಟ್ಟು ಇದೊಂದು ಮಾತ್ರ ಮಾಡ್ಬೇಡಿ: ಮಂಡಿನೋವಿಗೆ ಅಂತ ಆನ್‌ಲೈನಲ್ಲಿ ಸಿಗೋ ಟೆನ್ಸ್ ಮಷಿನ್ನಿನ (ನೋವಿಗೆ ಚರ್ಮದ ಮೇಲೆ ಕರೆಂಟ್ ಕೊಡೋದು) ಪ್ಯಾಡ್ ಕತ್ತಿನ ಮುಂಭಾಗಕ್ಕೆ ಅಂಟಿಸೋದು. ಬಿಪಿ ದಿಢೀರ್ ಇಳಿಯಬಹುದು, ಗಂಟಲು ಬಿಗಿದು ಉಸಿರಿಗೇ ತೊಂದರೆ ಆಗಬಹುದು. ಈ ಕತ್ತಿನ ಮಷಿನ್‌ಗೆ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಮಷಿನ್‌ಗಳನ್ನ ಪರಿಶೀಲಿಸೋ ಸರ್ಕಾರಿ ಸಂಸ್ಥೆ) ಒಪ್ಪಿಗೆ ಕೊಟ್ಟಿರೋದೂ ಮೈಗ್ರೇನ್ ಥರದ ತಲೆನೋವಿಗೆ, ಪಾರ್ಕಿನ್ಸನ್ಸ್ ನಡಿಗೆಗೆ ಇದು ಇನ್ನೂ ಪ್ರಯೋಗವೇ.

ಅಲ್ಲೀವರೆಗೆ ಕಾಲು ಹಿಡಿದಾಗ ಕೈ ಹಿಡಿದು ಎಳೀಬೇಡಿ, ಅವಸರ ಮಾಡಿಸ್ಬೇಡಿ. ಒಂದು ಕ್ಷಣ ನಿಲ್ಲಿಸಿ, ಮೈಭಾರ ಎಡಕ್ಕೆ ಬಲಕ್ಕೆ ಹಾಕಿಸಿ, "ಒಂದು, ಎರಡು" ಅಂತ ಜತೇಲಿ ಎಣಿಸಿ ಹೆಜ್ಜೆ ಇಡ್ಸಿ. ಬಾಗಿಲ ಹತ್ರ ನೆಲಕ್ಕೆ ಹೆಜ್ಜೆಗೊಂದರಂತೆ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿ, ಅದನ್ನ ದಾಟೋಕೆ ಹೇಳಿದ್ರೆ ಎಷ್ಟೋ ಜನಕ್ಕೆ ಕಾಲು ಬರುತ್ತೆ.