ಮ್ಯಾಗ್ನೆಟ್‌ಗೆ ಓಡಿಬರುವ ಕರಟದ ಇದ್ದಿಲು

ಕರಟದಿಂದ ಮಾಡಿದ ಆ್ಯಕ್ಟಿವೇಟೆಡ್ ಕಾರ್ಬನ್ ನೀರಿನ ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ಆದರೆ ಆ ನುಣ್ಣನೆ ಪುಡಿಯನ್ನು ಆಮೇಲೆ ನೀರಿನಿಂದ ತೆಗೆಯುವುದು ಹೇಗೆ? ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಫಿಲ್ಟರ್ ಕಾಗದ ಕಟ್ಟಿಕೊಂಡು ಗಂಟೆಗಟ್ಟಲೆ ಕೂತು ಸಾಕಾಗಿತ್ತು. ಪುಡಿಯ ಮೇಲೆಯೇ ಮ್ಯಾಗ್ನೆಟೈಟ್, ಅಂದರೆ ಮ್ಯಾಗ್ನೆಟ್ ಎಳೆಯುವ ಕಪ್ಪು ಕಬ್ಬಿಣದ ಆಕ್ಸೈಡ್, ಕೂರಿಸಿದರೆ ಎಳೆದು ತೆಗೆಯಬಹುದು, ಅಲ್ವಾ?

ಕುದಿಸಿ ಆರಿಸಿದ 100 ಮಿ.ಲೀ. ಡಿಸ್ಟಿಲ್ಡ್ ನೀರು ತಗೊಳ್ಳಿ. ಕುದಿಸುವುದು ಆಕ್ಸಿಜನ್ ಓಡಿಸುವುದಕ್ಕೆ. ಅದರಲ್ಲಿ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 5.4 ಗ್ರಾಂ, ಫೆರಸ್ ಸಲ್ಫೇಟ್, ಅಂದರೆ ನಮ್ಮ ಅನ್ನಭೇದಿ, 2.8 ಗ್ರಾಂ ಕರಗಿಸಿ. ಮೋಲ್ ಲೆಕ್ಕದಲ್ಲಿ 2:1. ಕಾರ್ಬನ್ ಪುಡಿ 2.3 ಗ್ರಾಂ ಹಾಕಿ ಅರ್ಧ ಗಂಟೆ ಕಲಕಿ.

ಅನ್ನಭೇದಿಯ ಹರಳು ತಿಳಿ ಹಸಿರಾಗಿರಬೇಕು. ನಾನು ತೆಗೆದ ಬಾಟಲಿ ಹಳೆಯದು, ಹರಳಿನ ಮೇಲೆ ಕಂದು ಪುಡಿ ಕೂತಿತ್ತು. ನೋಡಿಯೂ ಸುಮ್ನೆ ತೂಗಿಬಿಟ್ಟೆ. ಕೊನೆಗೆ ಸಿಕ್ಕಿದ್ದು ಕೆಂಪು ಕೆಸರು. ಮ್ಯಾಗ್ನೆಟ್ ಹಿಡಿದರೆ ಮಿಸುಕಲಿಲ್ಲ.

ದ್ರಾವಣವನ್ನು 70 ಡಿಗ್ರಿಗೆ ಬಿಸಿಮಾಡಿ, ಫ್ಯೂಮ್ ಹುಡ್‌ನೊಳಗೆ ಅಮೋನಿಯಾವನ್ನು ಹನಿ ಹನಿಯಾಗಿ ಬಿಡಿ. ಪಿಎಚ್ 10 ತಲುಪುವಷ್ಟರಲ್ಲಿ ಕಂದು ಹೋಗಿ ಕಪ್ಪಾಗುತ್ತದೆ. ಇನ್ನರ್ಧ ಗಂಟೆ ಕಲಕಿ, ಬೀಕರಿನ ಪಕ್ಕಕ್ಕೆ ನಿಯೋಡಿಮಿಯಂ ಮ್ಯಾಗ್ನೆಟ್ ಒತ್ತಿ ಹಿಡಿಯಿರಿ. ಕಪ್ಪೆಲ್ಲ ಸಕ್ಕರೆ ಕಂಡ ಇರುವೆಯ ಹಾಗೆ ಆ ಕಡೆ ಸರಿದು ಗಾಜಿಗೆ ಅಂಟುತ್ತದೆ, ನೀರು ತಿಳಿಯಾಗುತ್ತದೆ. ತಿಳಿ ಬಗ್ಗಿಸಿ, ಪಿಎಚ್ 7 ಬರುವತನಕ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ. ಜಾಸ್ತಿ ಬಿಸಿ ಬೇಡ, ಕೆಂಪಾಗುತ್ತದೆ.

ಪರೀಕ್ಷೆಗೆ ಲೀಟರಿಗೆ 10 ಮಿ.ಗ್ರಾಂ ಇರುವ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ 50 ಮಿ.ಲೀ., ಪುಡಿ 50 ಮಿ.ಗ್ರಾಂ. ಒಂದು ಗಂಟೆ ಅಲ್ಲಾಡಿಸಿ, ಮ್ಯಾಗ್ನೆಟ್‌ನಿಂದ ಪುಡಿ ಎಳೆದು, ನೀರಿನಲ್ಲಿ ಉಳಿದ ಬಣ್ಣವನ್ನು ಬೆಳಕಿನ ತರಂಗಾಂತರ 664 ನ್ಯಾನೋಮೀಟರ್‌ನಲ್ಲಿ ಅಳೆಯಿರಿ.

ನೀರಿನಲ್ಲಿ ಕರಗಿದ ಸೀಸವನ್ನೂ ಪುಡಿ ಹೀರುತ್ತದಾ ಅಂತ ಪರೀಕ್ಷಿಸುವುದಾದರೆ ಪಿಎಚ್ 5ರ ಆಸುಪಾಸಿನಲ್ಲಿ ನೋಡಿ. ಪಿಎಚ್ ಏರಿಸುತ್ತಾ ಹೋದರೆ ಸೀಸ ಹೈಡ್ರಾಕ್ಸೈಡ್ ಆಗಿ ತಾನೇ ತಳ ಸೇರುತ್ತದೆ, ಪುಡಿ ಹೀರಿತು ಅಂತ ನಾವು ಖುಷಿಪಡುತ್ತೇವೆ. ಪುಡಿ ಹಾಕದ ಇನ್ನೊಂದು ಬೀಕರನ್ನು ಪಕ್ಕದಲ್ಲೇ ಇಡಿ, ಗುಟ್ಟು ಗೊತ್ತಾಗುತ್ತದೆ. ಪಿಎಚ್ ತೀರಾ ಇಳಿಸಿದರೂ ಕಷ್ಟ: ಮ್ಯಾಗ್ನೆಟೈಟ್ ಕರಗಿ ಕಬ್ಬಿಣ ನೀರಿಗೆ ಬರುತ್ತದೆ.

ಸೀಸ ಹೀರಿದ ಪುಡಿಯನ್ನು ತೆಳು ಆಸಿಡ್‌ನಲ್ಲಿ ತೊಳೆದು ಮತ್ತೆ ಬಳಸಬಹುದು. ಆದರೆ ಹೀರಿದ ಸೀಸವೆಲ್ಲ ಈಗ ಆ ತೊಳೆದ ನೀರಿನಲ್ಲಿದೆ. ಅದನ್ನು ಸಿಂಕಿಗೆ ಸುರಿಯಬೇಡಿ, ಲೇಬಲ್ ಹಚ್ಚಿ ಬೇರೆ ಕ್ಯಾನಿನಲ್ಲಿ ಇಡಿ.